ಹಾಸಿಗೆ ಕೆಳಗಿನ ವೈರು

ನಮ್ಮನೆಯವರಿಗೆ ಲಾರಿ ಓಡಿಸೋಕೆ ಚೆನ್ನಾಗಿ ಬರುತ್ತೆ. ಅಷ್ಟಕ್ಕೇ ಸುಮ್ಮನಿದ್ದಿದ್ರೆ ನಾನ್ಯಾಕೆ ಇಷ್ಟು ಬಾಯಿ ಮಾಡ್ತಿದ್ದೆ? ಲಾರಿ ನಮ್ಮಿಬ್ಬರದೂ. ರಾತ್ರಿ ನಾನು ಓಡಿಸ್ತೀನಿ, ಹಗಲು ಅವರು. ಒಬ್ಬರು ಸ್ಟೀರಿಂಗ್ ಹಿಡಿದಾಗ ಇನ್ನೊಬ್ಬರಿಗೆ ಸೀಟಿನ ಹಿಂದಿರೋ ಹಾಸಿಗೇಲಿ ನಿದ್ದೆ. ನಮಗೆ ಅದೇ ಮನೆ, ಅದೇ ಅಡುಗೆಮನೆ.

ಮನೆ ಅಂದಮೇಲೆ ಮನೆ ಕರೆಂಟು ಬೇಡವಾ ಅಂತ ಇವರು ಒಂದು ಇನ್ವರ್ಟರ್ ತಂದ್ರು, ಬ್ಯಾಟರಿ ಕರೆಂಟನ್ನ ಮನೆ ಕರೆಂಟು ಮಾಡೋ ಡಬ್ಬ. ಜೊತೆಗೆ ನೀರು ಕಾಯಿಸೋ ಕೆಟಲ್ಲು. ನನ್ನ ತಮ್ಮ ಲಾರಿ ವೈರಿಂಗ್ ಕೆಲಸದವನು. ಬಾಯಿ ಬಡ್ಕೊಂಡ. "ಭಾವ, ಕೆಟಲ್ಲು ಎಳೆಯೋ ಕರೆಂಟಿಗೆ ಬೆರಳು ದಪ್ಪದ ವೈರು ಬೇಕು. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. ಹಾಸಿಗೆ ಕೆಳಗಂತೂ ವೈರು ಹೋಗಲೇಬಾರದು. ಲಾರಿ ಇಲ್ಲಿಗೆ ತನ್ನಿ, ನಾನೇ ಹಾಕಿಕೊಡ್ತೀನಿ."

ಭಾಮೈದನ ಮಾತು ಕೇಳಿದ್ರೆ ಮರ್ಯಾದೆ ಹೋಗಿಬಿಡುತ್ತಲ್ಲ ಇವರಿಗೆ! "ನಿನ್ನೆ ಮೊನ್ನೆ ಮೀಸೆ ಬಂದವನು ನಂಗೆ ಪಾಠ ಹೇಳ್ತಾನೆ" ಅಂತ ಗೊಣಗಿ, ಬಲ್ಬಿಗೆ ಹಾಕೋವಂಥ ಸಣ್ಣ ವೈರನ್ನ ತಾವೇ ಎಳೆದ್ರು. ಎಲ್ಲಿಂದ? ನಾನು ಮಲಗೋ ಹಾಸಿಗೆ ಕೆಳಗಿಂದ! ಅದು ಗೊತ್ತಾಗಿದ್ದೇ ಇವತ್ತು ಮಧ್ಯಾಹ್ನ.

ಬೆನ್ನು ಚುರುಗುಟ್ಟಿ ಎಚ್ಚರ ಆಯ್ತು. ಪ್ಲಾಸ್ಟಿಕ್ ಸುಟ್ಟ ವಾಸನೆ. ಲಾರಿ ರಸ್ತೆ ಬದಿಗೆ ನಿಂತಿದೆ, ಮುಂದಿನ ಸೀಟಲ್ಲಿ ಇವರು ಆರಾಮಾಗಿ ನೀರು ಕಾಯಿಸ್ತಿದ್ದಾರೆ. ಕೆಟಲ್ಲು ಆರಿಸಿ ಹಾಸಿಗೆ ಎತ್ತಿದೆ. ವೈರಿನ ಸಿಪ್ಪೆ ಕರಗಿ ಹಾಸಿಗೆಗೆ ಅಂಟಿಕೊಂಡಿತ್ತು.

"ಇದೇನ್ರೀ ಇದು?"

"ವೈರು ಅಂದಮೇಲೆ ಸ್ವಲ್ಪ ಬಿಸಿ ಆಗಲ್ವಾ?"

"ಸಿಪ್ಪೆ ಕರಗೋಷ್ಟು ಬಿಸಿ ಆದ್ರೂ ಫ್ಯೂಸ್ ಯಾಕೆ ಹೋಗಿಲ್ಲ?"

ಮುಖ ಆ ಕಡೆ ತಿರುಗಿಸಿದ್ರು. ಕೆಳಗಿಳಿದು ಬ್ಯಾಟರಿ ಹತ್ರ ಹೋಗಿ ನೋಡ್ತೀನಿ, ಫ್ಯೂಸೇ ಇಲ್ಲ. ಆ ಜಾಗದಲ್ಲಿ ತಾಮ್ರದ ತಂತಿ ಸುತ್ತಿಟ್ಟಿದ್ದಾರೆ ಪುಣ್ಯಾತ್ಮ.

"ಮಾತೆತ್ತಿದ್ರೆ ಸುಟ್ಟುಹೋಗ್ತಿತ್ತು ಕಣೇ. ಎಷ್ಟು ಅಂತ ಬದಲಾಯಿಸ್ಲಿ?"

"ಅದು ಸುಟ್ಟುಹೋಗೋದೇ ನಾನು ಸುಟ್ಟುಹೋಗ್ಬಾರ್ದು ಅಂತ ಕಣ್ರೀ!"

"ಆಕಾಶ ಭೂಮಿ ಒಂದು ಮಾಡ್ಬೇಡ. ಇಷ್ಟು ದಿನ ಏನಾದ್ರೂ ಆಯ್ತಾ? ಏನೂ ಆಗಲ್ಲ."

ನನಗೆ ಮೈಯೆಲ್ಲ ಉರಿದುಹೋಯ್ತು. ಈ ಮನುಷ್ಯನ ಜೊತೆ ತಲೆ ಚಚ್ಚಿಕೊಂಡು ಸಾಕಾಗಿದೆ. "ಏನೂ ಆಗಲ್ವಾ? ಸರಿ, ನೀವು ಮಲಗಿ. ಸ್ವಿಚ್ ನಾನು ಒತ್ತುತೀನಿ. ನೀರು ಕುದಿಯೋ ತನಕ ಏಳೋ ಹಂಗಿಲ್ಲ."

ಜಾರಿಕೊಳ್ತಾರೆ ಅಂದ್ಕೊಂಡಿದ್ದೆ. ಹಠ ಅಂದ್ರೆ ಹಠ! ಹಾಸಿಗೆ ಹಾಸಿ, ಅದರ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿದ್ರು. "ಹೂಂ, ಒತ್ತು."

ಸ್ವಿಚ್ ಮೇಲೆ ಬೆರಳಿಟ್ಟೆ. ಹೊಟ್ಟೆ ಮೇಲೆ ಎರಡೂ ಕೈ ಇಟ್ಕೊಂಡು ಮಲಗಿದ್ದಾರೆ. ಉಸಿರಾಡಿದಾಗ ಕೈ ಮೇಲೆ ಕೆಳಗೆ ಆಗ್ತಿದೆ. ಸಿಟ್ಟೇನೂ ಇಳಿದಿರಲಿಲ್ಲ, ಆದ್ರೂ ಬೆರಳು ಮುಂದೆ ಹೋಗಲೊಲ್ಲದು.

"ಒತ್ತೇ, ಏನು ನೋಡ್ತಾ ಕೂತಿದ್ದೀಯ?"

"ಆಗ್ತಿಲ್ಲ."

"ಯಾಕಂತೆ?"

"ಕೆಳಗೆ ಏನಿದೆ ಅಂತ ಗೊತ್ತಿದ್ದೂ ಹೆಂಗ್ರೀ ಒತ್ತಲಿ?" ಸಿಟ್ಟಿಗೇ ಅಳು ಬಂದುಬಿಡ್ತು. "ನಿಮಗೂ ಗೊತ್ತಿತ್ತಲ್ಲ. ನಾನು ಮಲಗಿದ್ದಾಗ ಒತ್ತೋಕೆ ನಿಮಗೆ ಹೆಂಗೆ ಮನಸ್ಸು ಬಂತು?"

ಕಣ್ಣು ಬಿಟ್ರು. ಎದ್ದು ಕೂತು, ಹಾಸಿಗೆ ಅಂಚು ಎತ್ತಿ, ಆ ಕರಗಿದ ಜಾಗಾನ ಬೆರಳಲ್ಲಿ ಮುಟ್ಟಿ ನೋಡಿದ್ರು. ಇನ್ನೂ ಬೆಚ್ಚಗಿತ್ತು ಅಂತ ಕಾಣುತ್ತೆ, ಕೈ ಥಟ್ಟನೆ ಹಿಂದಕ್ಕೆ ಬಂತು. ನನ್ನ ಬೆನ್ನು ನೋಡೋಕೆ ಅಂತ ಹತ್ರ ಬಂದ್ರು. ನಾನು ಸರಿದು ಕೂತೆ.

ಕೆಳಗಿಳಿದು ಬ್ಯಾಟರಿಯಿಂದ ಆ ವೈರು ಕಿತ್ತು ಹಾಕಿದ್ರು. ಅಲ್ಲೇ ನಿಂತು ನನ್ನ ತಮ್ಮನಿಗೆ ಫೋನ್ ಹಚ್ಚಿದ್ರು.

"ಭಾವ, ಏನ್ ಸಮಾಚಾರ?" ಅಂದ ಅವನು.

"ನಿಮ್ಮಕ್ಕನ್ನ ಬೆಂಕಿ ಮೇಲೆ ಮಲಗಿಸಿದ್ದೆ ಕಣೋ" ಅಂದ್ರು. ಫೋನನ್ನ ನನ್ನ ಕಡೆ ಚಾಚಿದ್ರು.