ಪಕ್ಕದ ಮನೆಯ ಸಾಣೆ, ನಮ್ಮ ಮನೆಯ ಕಣ್ಣು

ನಮ್ಮ ಚುಸ್ತ್ ಊರಿನ ಚಾಕು ಮಾಡುವವರ ಬೀದಿಯಲ್ಲಿ ಕಣ್ಣಿಗೆ ಕಿಡಿ ಬೀಳದ ವಾರವೇ ಇಲ್ಲ. ಸಾಣೆ ತಿರುಗುತ್ತದೆ, ಕಬ್ಬಿಣದ ಪುಡಿ ಹಾರುತ್ತದೆ, ಯಾರದೋ ಕಣ್ಣಿಗೆ ಹೋಗುತ್ತದೆ. ಪಕ್ಕದ ಅಂಗಡಿಯವನು ರೆಪ್ಪೆ ಮಗುಚಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ತೆಗೆಯುತ್ತಾನೆ. ಮತ್ತೆ ಸಾಣೆ ತಿರುಗುತ್ತದೆ. ನಮ್ಮ ಅಜ್ಜಂದಿರೂ ಹೀಗೇ ಮಾಡುತ್ತಿದ್ದರು. ಅವರಲ್ಲಿ ಎಷ್ಟೋ ಜನ ಮೊಮ್ಮಕ್ಕಳನ್ನು ಒಂದೇ ಕಣ್ಣಿನಲ್ಲಿ ನೋಡಿದರು ಎನ್ನುವುದನ್ನು ಮಾತ್ರ ಯಾರೂ ನೆನೆಸಿಕೊಳ್ಳುವುದಿಲ್ಲ.

ಒಂದು ಸೋಮವಾರ ತೋಜಿವಾಯ್ ಉಸ್ತಾನ ಕಣ್ಣಿಗೆ ಪುಡಿ ಹೋಯಿತು. ನುರಿತ ಕಸುಬುದಾರನನ್ನು ನಾವು ಉಸ್ತಾ ಎನ್ನುತ್ತೇವೆ. ಅವನು ಬೆಂಕಿಕಡ್ಡಿ ಬಿಟ್ಟು ನೇರ ಆಸ್ಪತ್ರೆಗೆ ಹೋದ. ಊಟದ ಹೊತ್ತಿಗೆ ಚಹಾದಂಗಡಿಯಲ್ಲಿ ಹಾಜರಾದ.

"ಒಂದೇ ಹನಿ ಕಣ್ರಪ್ಪ. ಕಣ್ಣಿಗೆ ಬಿಟ್ರು, ನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ. ಹೆಂಡತಿ ಬೈಗುಳ ನಿಂತಹಾಗೆ ನಿಂತುಹೋಯ್ತು" ಅಂದ.

ಅಷ್ಟು ಹೇಳಿ ಮನೆಗೆ ಹೋದ. ಮಧ್ಯಾಹ್ನದಿಂದ ಅವನ ಮನೆಯ ಸಾಣೆ ಗುಂಯ್ ಅನ್ನತೊಡಗಿತು.

ಗೋಡೆಯ ಈಚೆಗೆ ಹಮ್ರಾಕುಲ್ ಉಸ್ತಾನ ಮನೆ. ಇಬ್ಬರದೂ ಒಂದೇ ಕಸುಬು, ಒಂದೇ ಗೋಡೆ, ಒಂದೇ ಹೊಟ್ಟೆಕಿಚ್ಚು. ಆ ವಾರ ಕಿಚ್ಚಿಗೆ ತುಪ್ಪ ಬೇರೆ ಬಿದ್ದಿತ್ತು. ತಾಷ್ಕೆಂಟಿನ ವ್ಯಾಪಾರಿಯೊಬ್ಬ ಶನಿವಾರ ಬರುವವನಿದ್ದ. ಇಬ್ಬರ ಚಾಕುಗಳನ್ನೂ ನೋಡಿ, ಒಬ್ಬನನ್ನು ಆರಿಸಿ, ವರ್ಷವಿಡೀ ಅವನ ಹತ್ತಿರವೇ ಕೊಳ್ಳುತ್ತೇನೆ ಎಂದಿದ್ದ.

ಮಂಗಳವಾರ ಬೆಳಿಗ್ಗೆ ಹಮ್ರಾಕುಲನ ಬಲಗಣ್ಣಿಗೂ ಪುಡಿ ಹೋಯಿತು. ತೋಜಿವಾಯ್‌ಗೆ ಬಂದದ್ದು ತನಗೂ ಬರಬೇಕು ಎಂದು ಎಷ್ಟೋ ಸಲ ಬೇಡಿಕೊಂಡಿದ್ದನಲ್ಲ, ದೇವರು ಕೇಳಿಸಿಕೊಂಡ.

ಅವನ ಹೆಂಡತಿ ಓಯ್ಸಾರಾ ಟೋಪಿಗೆ ಕಸೂತಿ ಹಾಕುತ್ತಾ ಕೂತಿದ್ದಳು. ಸೂಜಿ ಕೆಳಗಿಟ್ಟಳು.

"ನಡೀರಿ ಆಸ್ಪತ್ರೆಗೆ. ತೋಜಿವಾಯಣ್ಣ ಹೋಗಿ ಬರ್ಲಿಲ್ವಾ?"

"ಅವ್ನು ಕೂತೆದ್ದ ಕುರ್ಚಿ ಮೇಲೆ ನಾನು ಕೂರ್ಬೇಕಾ? ಹೋದ್ರೆ ಕಣ್ಣಿಗೆ ಬಟ್ಟೆ ಕಟ್ಟಿ ಮಲಗು ಅಂತಾರೆ. ನಾನು ಮಲಗಿದ್ರೆ ಶನಿವಾರ ಅವ್ನು ಎದ್ದು ಕೂರ್ತಾನೆ. ನಂಗೆ ಬೇಕಾಗಿರೋದು ಆ ಹನಿ, ಅಷ್ಟೇ."

ಹಮ್ರಾಕುಲನ ಸೋದರತ್ತೆಯ ಮಗ ಔಷಧಿ ಅಂಗಡಿಯಲ್ಲಿದ್ದ. ಅಂಗಡಿಯ ಬಾಗಿಲಲ್ಲೇ ಹಮ್ರಾಕುಲ್ ಕೇಳಿದ. ಒಳಗಿನಿಂದ ಒಂದು ಪುಟ್ಟ ಬಾಟಲಿ ಬಂತು. ಚೀಟಿ ಕೇಳಲಿಲ್ಲ, ಕಣ್ಣನ್ನೂ ನೋಡಲಿಲ್ಲ. ನೆಂಟಸ್ತಿಕೆ ಅಂದರೆ ಅದು.

"ದಿನಕ್ಕೆಷ್ಟು ಸಲ ಹಾಕ್ಲಿ?"

"ನೋವಾದಾಗ ಹಾಕು."

ಹಾಕಿದ. ಮೊದಲು ಚುರ್ ಅಂತು. ನಿಮಿಷದೊಳಗೆ ಕಣ್ಣು ಇದೆಯೋ ಇಲ್ಲವೋ ಎನ್ನುವಷ್ಟು ಹಾಯಾಯಿತು. ಹಮ್ರಾಕುಲ್ ನಗುತ್ತಾ ಸಾಣೆಗೆ ಕೂತ. ಅರ್ಧ ಗಂಟೆಗೆ ನೋವು ವಾಪಸ್ಸು ಬಂತು, ಜೊತೆಗೆ ತಮ್ಮನನ್ನೂ ಕರೆತಂದಿತ್ತು. ಇನ್ನೊಂದು ಹನಿ. ಮತ್ತೆ ಹಾಯಿ. ಮತ್ತೆ ನೋವು. ಗೋಡೆಯಾಚೆ ಗುಂಯ್ ಅಂದಷ್ಟು ಹೊತ್ತೂ ಗೋಡೆಯೀಚೆ ಗುಂಯ್ ಅನ್ನಲೇಬೇಕು. ಬುಧವಾರ ಹನಿಗಳನ್ನು ಎಣಿಸುವುದು ಬಿಟ್ಟ. ಜಡವಾದ ಕಣ್ಣಿಗೆ ಹೊಸ ಪುಡಿ ಹಾರಿ ಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಗುರುವಾರ ಓಯ್ಸಾರಾ ಗಂಡನ ಮುಖ ನೋಡಿ ಬೆಚ್ಚಿದಳು. ಕಣ್ಣು ಇಸ್ಪೀಟಿನ ಆಟೀನಿನ ಹಾಗೆ ಕೆಂಪಾಗಿತ್ತು. ಕರಿಗುಡ್ಡೆಯ ಮೇಲೆ ಮಂಜು ಕೂತ ಹಾಗೆ ಬಿಳಿ. ಅವಳು ಕೆಂಡದ ಮೇಲೆ ಇಸಿರಿಕ್ ಸೊಪ್ಪು ಹಾಕಿ, ಹೊಗೆಯನ್ನು ಅವನ ತಲೆಯ ಸುತ್ತ ಆಡಿಸತೊಡಗಿದಳು.

ಅದೇ ಹೊತ್ತಿಗೆ ಆಸ್ಪತ್ರೆಯ ನರ್ಸ್ ಮವ್ಜುದಾ, ಮಗನಿಗೆಂದು ಮಾಡಲು ಹೇಳಿದ್ದ ಟೋಪಿ ಒಯ್ಯಲು ಬಂದಳು. ಬಾಗಿಲಲ್ಲೇ ಕೆಮ್ಮಿದಳು.

"ಏನಿದು ಓಯ್ಸಾರಾ, ಗಂಡನ್ನ ಸುಡ್ತಿದೀಯಾ?"

"ದೃಷ್ಟಿ ತೆಗೀತಿದೀನಿ ಅಕ್ಕ. ಪಕ್ಕದವ್ರ ಕಣ್ಣು ಬಿದ್ದಿದೆ."

ಮವ್ಜುದಾ ಹಮ್ರಾಕುಲನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ನೋಡಿದಳು. ಅವನ ಪಕ್ಕದಲ್ಲಿದ್ದ ಬಾಟಲಿಯನ್ನೂ ನೋಡಿದಳು.

"ನೀನ್ಯಾಕೆ ಕಷ್ಟಪಡ್ತೀಯ ತಾಯಿ. ದೃಷ್ಟಿ ತೆಗೆಯೋ ಕೆಲಸ ಇವ್ನೇ ಮುಗಿಸ್ತಿದಾನೆ. ಇದನ್ನ ಯಾರು ಕೊಟ್ರು ಉಸ್ತಾ? ಎಷ್ಟು ಸಲ ಹಾಕ್ದೆ?"

"ನೋವಾದಾಗೆಲ್ಲ. ಯಾಕೆ, ತೋಜಿವಾಯ್‌ಗೆ ಹಾಕಿದ್ರೆ ಔಷಧಿ, ನಂಗೆ ಹಾಕಿದ್ರೆ ವಿಷಾನಾ?"

"ಯಾರಿಗೇ ಹಾಕಿದ್ರೂ ಒಂದೇ. ಕಣ್ಣಲ್ಲಿ ಸಿಕ್ಕಿರೋ ಚೂರನ್ನ ಸೂಜಿ ತುದೀಲಿ ತೆಗೀಬೇಕು. ನೋವಿದ್ರೆ ನೀನು ಮಿಟುಕಿಸ್ತೀಯ. ಅದಕ್ಕೇ ಡಾಕ್ಟ್ರು ಒಂದೆರಡು ಹನಿ ಹಾಕಿ, ಜಡ ಮಾಡಿ, ತೆಗೀತಾರೆ. ಅಲ್ಲಿಗೆ ಹನಿ ಕೆಲಸ ಮುಗೀತು. ನಿನ್ನ ಚೂರು ಎಲ್ಲಿ?"

"ಹೋಗಿರ್ಬೇಕು. ಹನಿ ಹಾಕಿದ್ರೆ ನೋವೇ ಇರಲ್ವಲ್ಲ."

"ನಾಯಿ ಬಾಯಿ ಕಟ್ಟಿಬಿಟ್ರೆ ಕಳ್ಳ ಹೋದ ಅಂತ ಅರ್ಥನಾ? ಬೊಗಳೋದು ನಿಂತಿದೆ. ಕಳ್ಳ ಒಳಗೇ ಕೂತಿದಾನೆ. ಉಸ್ತಾ, ನೀನೇ ಹೇಳು. ಕಬ್ಬಿಣದ ಪುಡೀನ ಮೂರು ದಿನ ಉಪ್ಪುನೀರಲ್ಲಿ ಬಿಟ್ರೆ ಏನಾಗುತ್ತೆ?"

ಹಮ್ರಾಕುಲ್ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ. ಮೂವತ್ತು ವರ್ಷ ಚಾಕು ಮಾಡಿದವನಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಇಲ್ಲ.

"ತುಕ್ಕು" ಅಂದಳು ಓಯ್ಸಾರಾ.

"ಹೂಂ. ಅದು ನಿನ್ನ ಕಣ್ಣೊಳಗೆ ಹಿಡೀತಿದೆ. ಗಾಯದ ಮೇಲೆ ಹೊಸ ಚರ್ಮ ಬರ್ಬೇಕು, ಕಣ್ಣಿಗೂ ಹಾಗೇ. ಈ ಹನಿ ಪದೇ ಪದೇ ಬಿದ್ರೆ ಆ ಚರ್ಮ ಬೆಳೆಯಲ್ಲ. ಗಾಯ ಹುಣ್ಣಾಗುತ್ತೆ. ಹುಣ್ಣು ಮುಂದುವರಿದ್ರೆ ಕಣ್ಣು ಹೋಗುತ್ತೆ, ಅದೂ ನೋವೇ ಕೊಡದೆ."

ಹಮ್ರಾಕುಲ್ ಎಡಗಣ್ಣು ಮುಚ್ಚಿ ಹೆಂಡತಿಯ ಕಡೆ ನೋಡಿದ. ಅವಳ ಮುಖವಿರಬೇಕಾದ ಕಡೆ ಬೂದಿ ಬಣ್ಣದ ಮೋಡವಿತ್ತು. ಆದರೂ ಹೊಟ್ಟೆಕಿಚ್ಚು ಸೋಲೊಪ್ಪಲಿಲ್ಲ.

"ಹಾಗಾದ್ರೆ ಅವ್ನು ಹೆಂಗೆ ಕೆಲಸ ಮಾಡ್ತಿದಾನೆ? ಕೇಳಿಸ್ತಿದೆ ತಾನೆ, ಗುಂಯ್ ಅಂತ. ಸೋಮವಾರದಿಂದ ನಿಂತಿಲ್ಲ."

"ಬೇರೆಯವ್ರ ಕಣ್ಣಿನ ವಿಷಯ ನಾನು ಹೇಳ್ಬಾರ್ದು" ಅಂದಳು ಮವ್ಜುದಾ. "ಗೋಡೆ ನಿಮ್ಮದೂ ಹೌದಲ್ವಾ?"

ಓಯ್ಸಾರಾ ಜಗಲಿಮಂಚ ಹತ್ತಿ ಗೋಡೆಯಾಚೆ ಇಣುಕಿದಳು. ಹಿಪ್ಪುನೇರಳೆ ಮರದ ಕೆಳಗೆ ತೋಜಿವಾಯ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಗಾತ ಮಲಗಿದ್ದ. ಅವನ ಹೆಂಡತಿ ಮುಕದ್ದಸ್ ಸಾಣೆಯ ಮೋಟಾರು ಹಾಕಿಕೊಂಡು, ಪಕ್ಕದಲ್ಲಿ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದಳು. ಸಾಣೆಯ ಮೇಲೆ ಚಾಕು ಇರಲಿಲ್ಲ.

"ಏನ್ರೀ ಮುಕದ್ದಸ್, ಗಾಳೀನ ಚೂಪು ಮಾಡ್ತಿದೀರಾ?"

ಮುಕದ್ದಸ್ ಬೀಜದ ಸಿಪ್ಪೆ ಉಗಿದಳು. "ಏನ್ ಮಾಡ್ಲಿ ಓಯ್ಸಾರಾ. ನಾಲ್ಕು ದಿನ ಸಾಣೆ ಮುಟ್ಟಬೇಡ ಅಂದಿದಾರೆ ಡಾಕ್ಟ್ರು. ನಮ್ಮನೆ ಸದ್ದು ನಿಂತ್ರೆ ನಿಮ್ಮನೆಯವ್ರು ಗೆದ್ದಂಗೆ ಅಂತ ಇವ್ರ ಕೊರಗು. ನಿಮ್ಮನೆ ಸದ್ದು ಕೇಳಿ ಕೇಳಿ ಊಟಾನೇ ಬಿಟ್ಟಿದಾರೆ."

ಮರದಡಿಯಿಂದ ತೋಜಿವಾಯನ ದನಿ ಬಂತು. "ಯಾಕೆ, ಹಮ್ರಾಕುಲ್‌ಗೆ ಏನಾಯ್ತು?"

"ನಿಮ್ಮ ಒಂದು ಹನಿ ಕಥೆ ಕೇಳಿ, ಮೂರು ದಿನದಿಂದ ಬಾಟಲಿಗಟ್ಲೆ ಹಾಕ್ಕೊಂಡಿದಾರೆ" ಅಂದಳು ಓಯ್ಸಾರಾ.

ಸಾಣೆ ನಿಂತಿತು. ತೋಜಿವಾಯ್ ತಡವರಿಸುತ್ತಾ ಗೋಡೆಯ ಹತ್ತಿರ ಬಂದ.

"ಹಮ್ರಾಕುಲ್, ಒಂದೇ ಹನಿ ಅಂದಿದ್ದು ನಿಜ. ಆಮೇಲೆ ಚೂರು ತೆಗೆದ್ರು, ಮುಲಾಮು ಕೊಟ್ರು, ಮನೇಲಿರು ಅಂದ್ರು. ಆ ಹನಿ ಬಾಟಲಿ ಮನೆಗೆ ಕೊಡಿ ಅಂತ ನಾನೂ ಕೇಳ್ದೆ. ಕೊಡಲಿಲ್ಲ, ಬೈದ್ರು. ಅದನ್ನೆಲ್ಲ ಚಹಾದಂಗಡೀಲಿ ಹೇಳಿದ್ರೆ ನೀನು ಖುಷಿಪಡ್ತೀಯ ಅಂತ ಹೇಳ್ಲಿಲ್ಲ ಕಣೋ. ಹೋಗು ಈಗ್ಲೇ."

ಅಂದೇ ನಮಂಗಾನ್ ಪಟ್ಟಣದ ಕಣ್ಣಾಸ್ಪತ್ರೆಯಲ್ಲಿ ಹಮ್ರಾಕುಲನ ಕಣ್ಣಿಂದ ಮೂರು ಚೂರು ತೆಗೆದರು. ಸುತ್ತ ಹಿಡಿದಿದ್ದ ತುಕ್ಕು ಕೆರೆದರು. ಹನ್ನೆರಡು ದಿನ ಅಲ್ಲೇ ಇಟ್ಟುಕೊಂಡರು. "ಇನ್ನೆರಡು ದಿನ ಬಿಟ್ಟು ಬಂದಿದ್ರೆ ನಮ್ಮ ಕೈಲಿ ಏನೂ ಇರ್ತಿರ್ಲಿಲ್ಲ" ಅಂದರು ಡಾಕ್ಟರಮ್ಮ. ಕಣ್ಣು ಉಳಿಯಿತು. ಒಂದು ಬಿಳಿ ಕಲೆಯೂ ಉಳಿಯಿತು. ಈಗ ಆ ಕಣ್ಣಿಗೆ ಒಂದು ದೀಪ ಎರಡಾಗಿ ಕಾಣುತ್ತದೆ. ಬಲಗಣ್ಣನ್ನು ನಂಬಿ ಅವನು ಚಾಕುವಿನ ಅಲಗು ನೋಡುವಂತಿಲ್ಲ.

ಈ ನಡುವೆ, ಹೇಳಿದ್ದ ಶನಿವಾರವೇ ತಾಷ್ಕೆಂಟಿನ ವ್ಯಾಪಾರಿ ಬಂದಿದ್ದ. ಒಂದು ಅಂಗಡಿ ಮುಚ್ಚಿತ್ತು, ಇನ್ನೊಂದರಲ್ಲಿ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತೋಜಿವಾಯ್ ಕೂತಿದ್ದ. ವ್ಯಾಪಾರಿ ಮುಂದೆ ನಡೆದು ಬೀದಿಯ ಕೊನೆಯ ರುಸ್ತಾಮನನ್ನು ಆರಿಸಿದ. ಕೆಲಸ ಮಾಡುವಾಗ ದೊಡ್ಡ ಕನ್ನಡಕ ಹಾಕಿಕೊಳ್ಳುತ್ತಾನೆ ಎಂದು ಇಡೀ ಬೀದಿ 'ಕಪ್ಪೆ' ಎಂದು ಕರೆಯುವ ರುಸ್ತಾಮ್.

ಅದಾದ ವಾರ ತೋಜಿವಾಯ್ ಒಂದು ಕನ್ನಡಕ ತಂದ. ಆಸ್ಪತ್ರೆಯಿಂದ ಬಂದು ಅದನ್ನು ನೋಡಿದ ಹಮ್ರಾಕುಲ್ ಅದಕ್ಕಿಂತ ದೊಡ್ಡದು ತಂದ. ಈಗ ನಮ್ಮ ಬೀದಿಯಲ್ಲಿ ಮನುಷ್ಯರಿಗಿಂತ ಕಪ್ಪೆಗಳೇ ಹೆಚ್ಚು.

ಅಕ್ಕಂದಿರೇ, ಅಣ್ಣಂದಿರೇ, ಕಣ್ಣಿಗೆ ಧೂಳು ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಚೂರು ಸಿಕ್ಕಿಕೊಂಡರೆ ಬೆಂಕಿಕಡ್ಡಿ, ಬಟ್ಟೆಯ ತುದಿ, ಗೆಳೆಯನ ನಾಲಿಗೆ ಯಾವುದೂ ಬೇಡ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನೋವು ಮರೆಸುವ ಹನಿ ಇರಬೇಕಾದದ್ದು ಅವರ ಕೈಯಲ್ಲಿ. ಅವರಾಗಿ ಮನೆಗೆ ಕೊಟ್ಟರೆ ಅವರು ಹೇಳಿದಷ್ಟೇ ಹನಿ, ಹೇಳಿದಷ್ಟೇ ಹೊತ್ತು. ನೆಂಟರಿಂದ ತರಬೇಡಿ, ನೆರೆಯವರಿಂದ ಕೇಳಬೇಡಿ, ನೋವು ಮರಳಿತೆಂದು ಮತ್ತೆ ಮತ್ತೆ ಹಾಕಬೇಡಿ. ನೋವು ಮರಳಿದರೆ, ಕಣ್ಣು ಮಂಜಾದರೆ, ನೀವೂ ಆಸ್ಪತ್ರೆಗೆ ಮರಳಿ.

ಹೊಟ್ಟೆಕಿಚ್ಚು ಬಿಡಿ ಎಂದರೆ ನೀವು ಬಿಡುವುದಿಲ್ಲ, ನಾವೂ ಬಿಟ್ಟಿಲ್ಲ. ಇರಲಿ. ಪಕ್ಕದ ಮನೆಯವನು ಕಣ್ಣು ತೋರಿಸಲು ಒಂದು ಗಂಟೆಯೊಳಗೆ ಆಸ್ಪತ್ರೆಗೆ ಹೋದ ಎಂದು ಕೇಳಿದರೆ, ನೀವು ಅರ್ಧ ಗಂಟೆಯೊಳಗೆ ಹೋಗಿ ಅವನ ಹೊಟ್ಟೆ ಉರಿಸಿ.