ಷಡ್ಜಕ್ಕೆ ಮುಂಚೆ

"ಸೀ," ಎಂದರು ಮದಾಮ್, ಎದುರಿಗಿದ್ದ ಊಟದ ಹಲಗೆಯನ್ನು ಎಡಗೈಯಿಂದ ಬಡಿದು.

"ಹೌದಲ್ರೀ ಮತ್ತ? ಈಗ ಬರೋಬ್ಬರಿ ಬಂತು ನೋಡ್ರಿ," ಎಂದಳು ಅನುಸೂಯಾ. ಮದಾಮ್‌ಗೆ ಕನ್ನಡ ಬಾರದು. ಆದರೆ ಸಂತೋಷವಾದಾಗ ಅನುಸೂಯಾಳ ಬಾಯಲ್ಲಿ ಬರುವುದು ಧಾರವಾಡವೇ. ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಕೇಳಿದಳು: "ಕರೆಕ್ಟ್? ಯೆಸ್?"

"ಸೀ. ಸೀ."

ಬಿ.ಪಿ. ನೋಡಲು ಬಂದಿದ್ದ ನರ್ಸ್ ಲೂಪೆ, ಮದಾಮ್‌ರ ತೋಳಿಗೆ ಪಟ್ಟಿ ಸುತ್ತುತ್ತಾ ನಕ್ಕಳು. ಅವಳ ಮನೆಮಾತು ಸ್ಪ್ಯಾನಿಷ್. "ನಮ್ಮಲ್ಲಿ ಸೀ ಅಂದರೆ ಯೆಸ್. ನಲವತ್ತು ವರ್ಷ ಟೆಕ್ಸಾಸಿನಲ್ಲಿದ್ದು ಈಗ ನಮ್ಮ ಭಾಷೆ ಕಲಿತರು. ನನ್ನದೇ ಪಾಠ."

ಮದಾಮ್ ಕಣ್ಣು ಮುಚ್ಚಿದರು. ದಣಿದಿದ್ದಾರೆ ಎಂದುಕೊಂಡು ಅನುಸೂಯಾ ಸ್ವರ ಬರೆದಿದ್ದ ಹಾಳೆ ಮಡಚಿದಳು. ಹಾಡು ಮುಗಿದಿತ್ತು. ಕೊನೆಯ ಸಾಲಿನ ಕೊನೆಯಲ್ಲಿ ಅವಳು ಕನ್ನಡದಲ್ಲಿ 'ಸಾ' ಎಂದು ಬರೆದು ಮೇಲೊಂದು ಚುಕ್ಕೆ ಇಟ್ಟಿದ್ದಳು.

ಮದಾಮ್ ಸೊಲಾಂಜ್ ವೆರ್ದಿಯೇ ಫ್ರಾನ್ಸಿನವರು. ಎಳೆಯ ವಯಸ್ಸಿನಲ್ಲಿ ಪ್ಯಾರಿಸಿನಲ್ಲಿ ಅವರು ನಾಲ್ಕು ತಂತಿವಾದ್ಯಗಳಿಗೆ ಬರೆದ ಸಂಗೀತ ಕೇಳಿದ ಜನ, ಮುಗಿದ ಮೇಲೆ ಅಭಿನಂದಿಸಲು ಗಂಡಸನ್ನು ಹುಡುಕಿದ್ದರಂತೆ. ಎಣ್ಣೆ ಬಾವಿ ಕಂಪನಿಯ ಗಂಡನ ಜೊತೆ ಹ್ಯೂಸ್ಟನ್ನಿಗೆ ಬಂದ ಮೇಲೂ ಬರೆಯುವುದನ್ನು ಬಿಡಲಿಲ್ಲ. ಪಿಯಾನೋಕ್ಕೆ, ಹೆಣ್ಣುದನಿಗಳಿಗೆ, ಮಕ್ಕಳಿಗೆ ಬರೆದರು. ಒಂದು ಸಂಗೀತ ನಾಟಕವನ್ನೂ ಬರೆದರು. ಅದು ಒಂದೇ ಒಂದು ಸಂಜೆ, ಒಂದು ಚರ್ಚಿನ ಹಾಲಿನಲ್ಲಿ ನಡೆಯಿತು. ಗಂಡ ಹೋದ ಮೇಲೆ ಲೂಯಿಸ್‌ವಿಲ್‌ನಲ್ಲಿ ಕೆರೆಗೆ ಹತ್ತಿರದ ಅಪಾರ್ಟ್‌ಮೆಂಟು ಹಿಡಿದು, ಇಂಜಿನಿಯರುಗಳ ಮಕ್ಕಳಿಗೆ ಪಿಯಾನೋ ಕಲಿಸತೊಡಗಿದರು.

ಅನುಸೂಯಾ ಮಗಳು ಮಧುರಾಳನ್ನು ತಾವಿದ್ದ ಅಲೆನ್‌ನಿಂದ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಪಾಠ ನಡೆಯುವಾಗ ಮೂಲೆಯಲ್ಲಿ ಕೂತು ಬೀನ್ಸಿನ ನಾರು ತೆಗೆಯುವಳು. ಒಂದು ದಿನ ಮದಾಮ್ ತಿರುಗಿ, ಈಗ ಗುನುಗಿದ್ದು ಏನು ಎಂದು ಕೇಳಿದರು. ಧಾರವಾಡದಲ್ಲಿ ಮದುವೆಗೆ ಮುಂಚೆ ಗಾಯನ ಕಲಿತದ್ದನ್ನು ಹೇಳಿದಾಗ, "ಬಿಟ್ಟೆ ಯಾಕೆ?" ಎಂದರು.

"ಬಿಟ್ಟಿಲ್ಲ. ಕುಕ್ಕರ್ ಸೀಟಿ ಹೊಡೆದಾಗ ನಿಲ್ಲಿಸ್ತೇನೆ, ಅಷ್ಟೇ."

ಮದಾಮ್ ನಗಲಿಲ್ಲ. "ನನಗೂ ಒಲೆ ಇತ್ತು," ಎಂದರು. ಮಧುರಾ ಪಿಯಾನೋ ಬಿಟ್ಟು ಈಜಿಗೆ ಸೇರಿದ ಮೇಲೂ ಅನುಸೂಯಾ ಅಲ್ಲಿಗೆ ಹೋಗುತ್ತಲೇ ಇದ್ದಳು.

ಆಸ್ಟಿನ್ನಿನ ಒಂದು ಮಹಿಳಾ ಗಾಯನವೃಂದಕ್ಕಾಗಿ ಮದಾಮ್ ಮಾತಿಲ್ಲದ ಹಾಡೊಂದನ್ನು ಬರೆಯುತ್ತಿದ್ದಾಗಲೇ ಲಕ್ವ ಹೊಡೆದದ್ದು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು 'ಸೀ' ಎಂಬ ಒಂದು ಸದ್ದು. ಸಾರು ಬಿಸಿಯಾದರೂ ಅದೇ, ಕಿಟಕಿ ತೆರೆಯಬೇಕೆಂದರೂ ಅದೇ. ಅದಕ್ಕೆ ಅರ್ಥ ಹುಡುಕಬೇಡಿ ಎಂದರು ಡಾಕ್ಟರು. ಆದರೆ ಗಂಟಲಿನಲ್ಲಿ ರಾಗ ಉಳಿದಿತ್ತು. ಕೀಬೋರ್ಡ್ ಇಟ್ಟರೆ ಎಡಗೈಯ ಬೆರಳು ತಾನು ಹುಡುಕಿದ್ದನ್ನು ಬಿಟ್ಟು ಪಕ್ಕದ ಕೀಯನ್ನು ಒತ್ತುತ್ತಿತ್ತು. ಅವರು ಅದನ್ನು ದೂಡಿಬಿಟ್ಟರು. ಅವರನ್ನು ಸೇರಿಸಿದ್ದ ಆರೈಕೆ ಕೇಂದ್ರದೊಳಗೆ ರೋಗಿಗಳ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡುವಂತಿರಲಿಲ್ಲ. ಹಾಗಾಗಿ ಅನುಸೂಯಾ ದಿನಾ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದು, ಅವರು ಹಾಡಿದ್ದನ್ನು ತನಗೆ ಗೊತ್ತಿದ್ದ ರೀತಿಯಲ್ಲಿ ಸ ರೆ ಗ ಮ ಎಂದು ಬರೆದುಕೊಂಡಳು. ಆಸ್ಟಿನ್ನಿನ ವೃಂದದ ಮುಖ್ಯಸ್ಥೆ ಮಿಸ್ ರೀಡ್‌ಗೆ ಫೋನಿನಲ್ಲಿ ಹಾಡಿ ತೋರಿಸಿದಳು. ಆಕೆ ಅದನ್ನು ತಮ್ಮ ಪದ್ಧತಿಯ ಐದು ಗೆರೆಗಳ ಮೇಲೆ ಬರೆದರು.

ಕೊನೆಯ ಸಾಲು ಮಾತ್ರ ಬಹಳ ಸತಾಯಿಸಿತ್ತು. ಮದಾಮ್ ಮೆಲ್ಲಗೆ ಮೇಲೇರಿ, ಸಾಗೆ ಒಂದೇ ಮೆಟ್ಟಿಲು ಕೆಳಗಿನ ನಿ, ನಿಷಾದಕ್ಕೆ ಬಂದು ನಿಂತುಬಿಡುತ್ತಿದ್ದರು. ಪಾಪ, ಉಸಿರು ಸಾಲದು ಎಂದು ಅನುಸೂಯಾ ಅಲ್ಲಿಂದ ಎತ್ತಿಕೊಂಡು ಷಡ್ಜಕ್ಕೆ, ಮೇಲಿನ ಸಾಗೆ, ಮುಟ್ಟಿಸುತ್ತಿದ್ದಳು. ಮುಟ್ಟಿಸಿ, ಮುದುಕಿಯ ಕೈ ಸವರುತ್ತಿದ್ದಳು.

ಹಾಡು ಬರೆದು ಮುಗಿದ ವಾರದೊಳಗೆ ಮದಾಮ್‌ಗೆ ಎರಡನೇ ಸಲ ಲಕ್ವ ಹೊಡೆಯಿತು. ಈಗ ಆ 'ಸೀ' ಕೂಡ ಇರಲಿಲ್ಲ.

*

ಶುಕ್ರವಾರ ಸಂಜೆ ಅನುಸೂಯಾ ರೊಟ್ಟಿ ಬಡಿಯುತ್ತಿದ್ದಳು. ಮಧುರಾ ಈಜಿ ಬಂದ ಒದ್ದೆ ಕೂದಲಲ್ಲೇ ಕಟ್ಟೆಯ ಮುಂದೆ ಕೂತು ತಿನ್ನುತ್ತಿದ್ದಳು.

"ಐತವಾರ ಆಸ್ಟಿನ್‌ದಾಗ ಮದಾಮ್‌ರ ಹಾಡು ಅದ. ಅವರಿಗೆ ಕೇಳೋ ನಸೀಬ ಇಲ್ಲ," ಎಂದಳು ಅನುಸೂಯಾ. "ಆದ್ರ ಮುಗದಾಗ ಎಷ್ಟ್ ಖುಷಿ ಆಗಿತ್ತು ಗೊತ್ತದ ಏನು? ಸೀ, ಸೀ ಅಂತ ಹಲಗಿ ಬಡದ್ರು."

"ವೈ ಸೀ?"

"ಹೌದು ಅಂತ."

"ನೋ ಅಮ್ಮ, ಮದಾಮ್ ಯೆಸ್‌ಗೆ ವೀ ಅಂತಾರೆ. ಕ್ಲಾಸಲ್ಲಿ ಆಲ್ವೇಸ್ ವೀ, ವೀ. ಸೀ ಅಂದ್ರೆ ನೋಟ್ ಅಲ್ವಾ?" ಅವಳು ಚಟ್ನಿಪುಡಿ ಹತ್ತಿದ ಬೆರಳುಗಳನ್ನು ತಟ್ಟೆಯ ಅಂಚಿನ ಮೇಲೆ ಒಂದೊಂದೇ ಊರಿದಳು. "ದೋ, ರೇ, ಮೀ, ಫಾ, ಸೋಲ್, ಲಾ, ಸೀ. ಸ್ಕೂಲಲ್ಲಿ ಟೀ ಅಂತಾರೆ. ಮದಾಮ್ ಟೀ ಅಂದ್ರೆ ಬೈತಿದ್ರು. ಇಟ್ಸ್ ಯುವರ್ ನಿ."

ರೊಟ್ಟಿಯನ್ನು ಹೆಂಚಿನ ಮೇಲೇ ಬಿಟ್ಟು ಅನುಸೂಯಾ ಮಡಚಿಟ್ಟ ಹಾಳೆ ಬಿಡಿಸಿದಳು.

"ಅಮ್ಮ, ರೊಟ್ಟಿ ಬರ್ನ್ ಆಗ್ತಿದೆ."

ತಾನು ಮಾಡಿದ್ದು, ಮಾತು ಬಾರದ ಮಗು ನೀರಿಗೆ ಅತ್ತರೆ ಬಾಯಿಗೆ ಹಾಲು ಹಿಡಿದಂತೆ. ಬೇಡವೆಂದು ತಲೆ ತಿರುಗಿಸಿದಷ್ಟೂ, ಕುಡಿ ಕಂದ, ಕುಡಿ ಎಂದಂತೆ. ಮದಾಮ್ ನಿಷಾದದಲ್ಲಿ ನಿಂತದ್ದು ಉಸಿರು ಸಾಲದೆ ಅಲ್ಲ. ಅವರು ಅಲ್ಲಿಯೇ ನಿಲ್ಲಬೇಕೆಂದಿದ್ದರು. ಇಷ್ಟು ದಿನ ಅದನ್ನೇ ಹಲಗೆ ಬಡಿದು ಹೇಳಿದ್ದರು, ಇವಳು ಕೈ ಸವರಿದ್ದಳು.

ಮಿಸ್ ರೀಡ್ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ನಾಳೆ ಕೊನೆಯ ತಾಲೀಮು.

"ಒಂದು ಸ್ವರಕ್ಕ ಆಸ್ಟಿನ್‌ತನಕಾ ಹೋಗ್ತಿ ಏನು?" ಎಂದ ಗಂಡ ಉದಯಶಂಕರ. "ನಾಳೆ ಇಕಿದು ಸ್ವಿಮ್ ಮೀಟ್ ಅದ, ನಾ ಬರಲಿಕ್ಕೆ ಆಗೂದಿಲ್ಲ. ಹೈವೇದಾಗ ಒಬ್ಬಾಕಿನ ಎಂದೂ ಹೋದಾಕಿ ಅಲ್ಲ. ಇಮೇಲ್ ಮಾಡು."

"ಇಮೇಲಿನಾಗ ಹೆಂಗ ಹಾಡ್ಲಿ?"

ಅವನು ಎದ್ದು ಹೋಗಿ ಕಾರಿನ ಟೈರುಗಳ ಗಾಳಿ ನೋಡಿಬಂದ.

ಬೆಳಿಗ್ಗೆ ಅವಳು ಮೊದಲು ಲೂಯಿಸ್‌ವಿಲ್‌ಗೆ, ಆರೈಕೆ ಕೇಂದ್ರಕ್ಕೆ ಹೋದಳು. ಮದಾಮ್‌ರ ಕಿವಿಯ ಬಳಿ ಬಾಗಿ ಆ ಸಾಲು ಹಾಡಿ, "ಸೀ? ಇಲ್ಲೇ ನಿಲ್ಲಬೇಕೇನ್ರೀ? ಮದಾಮ್?" ಎಂದು ಕೇಳಿದಳು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಮತ್ತೆ ಕನ್ನಡದಲ್ಲಿ. ತೆರೆದ ಕಣ್ಣುಗಳು ಚಾವಣಿಯ ಮೇಲಿದ್ದವು. ರೆಪ್ಪೆ ಬಡಿಯಿತು, ಆದರೆ ಅದು ತನ್ನಷ್ಟಕ್ಕೆ ಬಡಿದದ್ದು.

*

ಹೈವೇಯಲ್ಲಿ ಲಾರಿಗಳು ಎರಡೂ ಕಡೆ ಗೋಡೆಗಳಂತೆ ಓಡಿದವು. ನಡುದಾರಿಯ ವೇಕೋ ಊರು ದಾಟುವಾಗ ಅವಳ ಅಂಗೈ ಬೆವೆತು ಸ್ಟಿಯರಿಂಗ್ ಜಾರುತ್ತಿತ್ತು. ಆಸ್ಟಿನ್ನಿನ ಆ ಹಾಲಿನ ಬಾಗಿಲು ತಳ್ಳಿದಾಗ ಒಳಗೆ ಹೆಂಗಸರು ಅದೇ ಸಾಲು ಹಾಡುತ್ತಿದ್ದರು. ಷಡ್ಜ ಬಂತು. ತುಂಬಿ, ದುಂಡಗೆ, ಹಾಲಿನ ತುಂಬ ಹರಡಿತು. ಅದು ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಅಳು ಬಂತು.

ಮಿಸ್ ರೀಡ್ ಸಿಡುಕಿನವರಲ್ಲ. ನೀರು ಕೊಟ್ಟು, ಕೂರಿಸಿ, ಪೂರ್ತಿ ಕೇಳಿದರು. ಪಿಯಾನೋದ ಮೇಲೆ ಆ ಸಾಲನ್ನು ನಿಷಾದದವರೆಗೆ ನುಡಿಸಿ ಕೈ ಎತ್ತಿದರು. ಹೆಂಗಸರಲ್ಲಿ ಯಾರೋ "ಆಮೇಲೆ?" ಎಂದರು. ಉಳಿದವರು ನಕ್ಕರು.

"ನೋಡಿ, ಕೇಳುವವರಿಗೂ ಹೀಗೇ ಆಗುತ್ತದೆ. ನಾವು ಮರೆತೆವು ಅಂದುಕೊಳ್ಳುತ್ತಾರೆ," ಎಂದರು ಮಿಸ್ ರೀಡ್. "ಸೊಲಾಂಜ್ 'ಸೀ' ಅಂದರು, ಅಲ್ಲವೇ? ನಾವು ಸ್ವರಗಳನ್ನು ಏನೆಂದು ಕರೆಯುತ್ತೇವೆ? ಎ, ಬಿ, ಸಿ. ಈ ಹಾಡು ಮುಗಿಯುವ ಸ್ವರ ಯಾವುದು ಗೊತ್ತೇ? ಸಿ. ನಿಮ್ಮ ಸಾ. ನಲವತ್ತು ವರ್ಷ ಇಲ್ಲಿದ್ದವರು ನಮ್ಮ ಹೆಸರನ್ನೇ ಹೇಳಿರಬಹುದು. ನೀವು ಬರೆದದ್ದು ಸರಿ ಎಂದಿರಬಹುದು."

ಒಂದೇ ಸದ್ದು. ಲೂಪೆಗೆ ಅದು ಹೌದು, ಇವರಿಗೆ ಷಡ್ಜ, ಡಾಕ್ಟರಿಗೆ ಏನೂ ಅಲ್ಲ.

"ಅಲ್ಲ," ಎಂದಳು ಅನುಸೂಯಾ. "ಅವರು ಸಿಟ್ಟಿನಿಂದ ಬಡಿದರು. ನನಗೀಗ ಗೊತ್ತಾಗಿದೆ."

"ಆಗ ಖುಷಿ ಅಂದಿರಿ."

"ಹೌದು. ಆಗ ಅಂದೆ."

ಮಿಸ್ ರೀಡ್ ಪಿಯಾನೋದ ಮುಚ್ಚಳ ಮುಚ್ಚಿದರು. "ಹಾಗಾದರೆ ಅವರು ಹಾಡಿದ ಹಾಗೇ ಹಾಡಿ ತೋರಿಸಿ. ಅವರು ನಿಂತ ಹಾಗೇ ನಿಲ್ಲಿಸಿ. ನಿಂತದ್ದು ನನಗೆ ಕೇಳಿಸಿದರೆ, ಈಗಲೇ ಬದಲಿಸುತ್ತೇನೆ."

ಅನುಸೂಯಾ ಎದ್ದು ನಿಂತಳು. ಹೆಂಗಸರೆಲ್ಲ ಸದ್ದಿಲ್ಲದೆ ತಿರುಗಿದರು. ದನಿ ಚೆನ್ನಾಗಿಯೇ ಬಂತು. ಪಂಚಮ, ಧೈವತ, ನಿಷಾದ. ಅಲ್ಲಿ ನಿಂತಳು. ನಿಂತಾಗ ಧಾರವಾಡದಲ್ಲಿ ಗಾಯನ ಕಲಿಸಿದ ಚನ್ನಮಲ್ಲಪ್ಪ ಮಾಸ್ತರರ ದನಿ ಬೆನ್ನ ಹಿಂದಿನಿಂದ ಬಂದಂತಾಯಿತು. "ಬಾಗಲತನಕಾ ಬಂದು ಹಂಗ ನಿಂತ್ರ ಹೆಂಗವ್ವಾ? ಒಳಗ ಹೋಗು." ಹನ್ನೆರಡನೇ ವಯಸ್ಸಿನಿಂದ ಅವಳು ಒಳಗೆ ಹೋಗುತ್ತಲೇ ಬಂದಿದ್ದಳು. ಈಗಲೂ, ಬೇಡ ಬೇಡ ಎನ್ನುವಷ್ಟರಲ್ಲೇ, ಗಂಟಲು ತಾನಾಗಿ ಷಡ್ಜಕ್ಕೆ ಏರಿಬಿಟ್ಟಿತು.

"ಇನ್ನೊಮ್ಮೆ," ಎಂದಳು. ಕೈಯನ್ನು ಮುಷ್ಟಿ ಮಾಡಿಕೊಂಡಳು. ಈ ಸಲ ನಿಷಾದ ನಡುಗಿತು, ನಡುಗಿ ಮೇಲಕ್ಕೆ ಜಾರಿ, ಷಡ್ಜ ಮುಟ್ಟಿತು.

ಯಾರೂ ನಗಲಿಲ್ಲ. ಮಿಸ್ ರೀಡ್ ಹತ್ತಿರ ಬಂದು ಅವಳ ಭುಜ ಹಿಡಿದರು. "ನಿಮಗೇ ಅಲ್ಲಿ ನಿಲ್ಲಲಾಗುತ್ತಿಲ್ಲ, ಅನುಸೂಯಾ. ಪ್ರೀತಿಯಿಂದ ಬರೆದಿದ್ದೀರಿ. ಇರಲಿ ಬಿಡಿ."

*

ಭಾನುವಾರ ಮಧ್ಯಾಹ್ನ, ಆಸ್ಟಿನ್ನಿನ ಹಾಲಿನಲ್ಲಿ ಜನ ಬಂದು ಕೂರುವ ಹೊತ್ತಿಗೆ, ಅನುಸೂಯಾ ಮದಾಮ್‌ರ ಮಂಚದ ಪಕ್ಕದಲ್ಲಿದ್ದಳು. ಅವರ ತುಟಿಗೆ ಒದ್ದೆ ಹತ್ತಿ ಒತ್ತಿದಳು. ಕೂದಲು ಬಾಚಿ ಒಂದು ಕಡೆಗೆ ಸರಿಸಿದಳು. ಉಸಿರು ಎಳೆಯುವುದಕ್ಕೂ ಬಿಡುವುದಕ್ಕೂ ನಡುವೆ ಈಗ ತುಂಬ ಬಿಡುವಿತ್ತು. ಪ್ರತಿ ಸಲವೂ ಅವಳು ತನ್ನ ಉಸಿರನ್ನೂ ಹಿಡಿದು ಕಾಯುತ್ತಿದ್ದಳು.

ಹಾಡತೊಡಗಿದಳು. ಮೊದಲ ಸಲ ದನಿ ಷಡ್ಜಕ್ಕೆ ಹೋಯಿತು. ಆಮೇಲೆಯೂ ಹೋಯಿತು. ಕಣ್ಣು ಒರೆಸಿಕೊಂಡು ಮತ್ತೆ ಕೆಳಗಿನಿಂದ ಹಿಡಿದಳು. ಬಾಗಿಲು ತೆರೆದೇ ಇತ್ತು, ಮುಚ್ಚಬೇಕೆನ್ನಿಸಲಿಲ್ಲ.

ಕಾರಿಡಾರಿನಲ್ಲಿ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಹೋಗುತ್ತಿದ್ದ ಹ್ಯಾಟಿನ ಮುದುಕರೊಬ್ಬರು ಬಾಗಿಲಿಗೆ ಬಂದಾಗ ಹಾಡು ನಿಷಾದಕ್ಕೆ ಬಂದಿತ್ತು. ಈ ಸಲ ಅಲ್ಲೇ ನಿಂತಿತು. ಅವಳ ತುಟಿ ಮುಚ್ಚಿತ್ತು. ಮುದುಕರು ಗಾಲಿ ನಿಲ್ಲಿಸಿದರು. ಕಿವಿಯನ್ನು ಸ್ವಲ್ಪ ಈ ಕಡೆ ತಿರುಗಿಸಿ, ಚಕ್ರದ ಮೇಲಿನ ಕೈ ತೆಗೆಯದೆ, ಉಳಿದದ್ದಕ್ಕಾಗಿ ಕಾಯುತ್ತಾ ಕೂತರು.