ಚಳಿಯಮ್ಮನ ಪ್ಯಾಡು

ತಿಥಿಯೆಲ್ಲ ಮುಗಿದು ನೆಂಟರು ಹೊರಟುಹೋದ ಮರುದಿನ ಬೆಳಗ್ಗೆ, ತಿಂಡಿಯ ತಟ್ಟೆಯ ಪಕ್ಕ ಅವಳು ಎಂದಿನಂತೆ ಗಂಡನ ಮಾತ್ರೆ ಇಟ್ಟಳು. ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ಉಂಡದ್ದು ಅರಗಲೆಂದು ಕೊಡುವ ಮಾತ್ರೆ. ಅತ್ತೆ ನೋಡಿದರು.

ಅಷ್ಟರಲ್ಲಿ ಫೋನು ಬಂತು. ಚಳಿಯಮ್ಮ. ಐಸು ತುಂಬಿದ ಡಬ್ಬಿ ಹಿಡಿದು ವಾರ್ಡಿಗೆ ಬರುತ್ತಿದ್ದ ಸಂಶೋಧಕಿಗೆ ಗಂಡನಿಟ್ಟ ಹೆಸರದು. ಕೇಳಲು ನಾಲಗೆ ಏಳುತ್ತಿಲ್ಲ ಎನ್ನುತ್ತಲೇ ಆಕೆ ಕೇಳಿದಳು. ಅವನ ಹೊಟ್ಟೆಯಿಂದ ಸೂಜಿಯಲ್ಲಿ ತೆಗೆದ ಗೆಡ್ಡೆಯ ಚೂರು ಫ್ರೀಜರಿನಲ್ಲಿದೆ. ಇನ್ನು ಮುಂದೆ ಅದನ್ನು ಬಳಸಲು ಮನೆಯವರ ಸಹಿ ಬೇಕು. ಹಣ ಕೊಡುವ ಟ್ರಸ್ಟಿನವರು ಹನ್ನೆರಡಕ್ಕೆ ತಪಾಸಣೆಗೆ ಬರುತ್ತಾರೆ. ಸಹಿಯಿಲ್ಲದ ಚೂರನ್ನು ಅಷ್ಟರೊಳಗೆ ಎಸೆಯಬೇಕು.

ಸಹಿ ಹಾಕಬೇಕಾದ ಒಪ್ಪಿಗೆ ಪತ್ರ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಪದಬಂಧ ಬಿಡಿಸಲೆಂದು ಅವನು ಚಳಿಯಮ್ಮನಿಂದ ಕಡ ತಂದಿದ್ದ ಕ್ಲಿಪ್ಪಿನ ಪ್ಯಾಡಿನಲ್ಲಿ, ಪದಬಂಧಗಳ ಅಡಿಯಲ್ಲಿ. ಎರಡು ಸಲ ಅವನು ಮುಂದೆ ಹಿಡಿದಿದ್ದ. ಎರಡು ಸಲವೂ ಅವಳು ‘ನಾಳೆ’ ಎಂದಿದ್ದಳು. ‘ರೋಗಿ ತೀರಿಕೊಂಡ ಮೇಲೆ’ ಎಂಬ ಸಾಲಿನ ಕೆಳಗೆ ಹೆಸರು ಬರೆದರೆ ತಾನೇ ಕಳಿಸಿಕೊಟ್ಟಂತೆ ಅನಿಸಿತ್ತು.

ಪ್ಯಾಡು ಮೊದಲು ಅತ್ತೆಯ ಕೈಗೆ ಸಿಕ್ಕಿತು. ಎದೆಗವಚಿಕೊಂಡರು.

“ಕೊಡಲ್ಲ ಕಣೇ. ಅವರಿಗದು ಚೂರು. ನನಗೆ ಮಗ.”

“ಅದು ನಿಮ್ಮ ಮಗ ಅಲ್ಲ ಅತ್ತೆ. ಅವರನ್ನ ತಿಂದಿದ್ದು ಅದು.”

ಗಡಿಯಾರ ಹನ್ನೊಂದು ದಾಟಿತ್ತು. ಗಂಡ ಹೇಳಿದ್ದನ್ನೇ ಅವಳು ಹೇಳತೊಡಗಿದಳು. ಈ ಕಾಯಿಲೆ ಜಠರದ ಹಿಂದೆ ಬಚ್ಚಿಟ್ಟುಕೊಂಡು ಬೆಳೆಯುತ್ತದೆ. ಗೊತ್ತಾಗುವಾಗ ಹೊತ್ತು ಮೀರಿರುತ್ತದೆ. ರೋಗಿಗಳು ಬೇಗ ಹೋಗಿಬಿಡುವುದರಿಂದ ಅಧ್ಯಯನಕ್ಕೆ ಚೂರುಗಳೇ ಸಿಗುವುದಿಲ್ಲ. ಸಂಶೋಧನೆಯ ದೊಡ್ಡ ದುಡ್ಡೆಲ್ಲ, ಗುಣವಾಗುವ ಕಾಯಿಲೆಗಳೆಂಬ ಗೆದ್ದೆತ್ತಿನ ಬಾಲ ಹಿಡಿಯುತ್ತದೆ. ಸೋತೆತ್ತಿಗೆ ಹುಲ್ಲು ಹಾಕಿದ್ದು ಈ ಟ್ರಸ್ಟು. ಇದೇ ಕಾಯಿಲೆಯಲ್ಲಿ ತಂಗಿಯನ್ನು ಕಳಕೊಂಡ ಅಕ್ಕನೊಬ್ಬಳು ಕಟ್ಟಿದ್ದು. ಫ್ರೀಜರು ಅವಳ ಹಣದ್ದು, ಚಳಿಯಮ್ಮನ ಸಂಬಳವೂ.

ಅತ್ತೆ ಪ್ಯಾಡನ್ನು ಎದೆಯಿಂದ ತೆಗೆದು, ಮಗ ಬರೆದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಮುಳ್ಳು ಮುಂದೆ ಹೋಗುತ್ತಲೇ ಇತ್ತು.

“ಆ ಅಕ್ಕ ಇವತ್ತು ಬರ್ತಾಳಾ?”

“ಬರ್ತಾರಂತೆ.”

ಪ್ಯಾಡು ಮೇಜಿನ ಮೇಲೆ ಬಂತು. ಪೆನ್ನೂ ಅವರೇ ಹುಡುಕಿ ಕೊಟ್ಟರು. “ನಿನ್ನ ಸಹಿ ಕೋಳಿ ಕೆದರಿದ ಹಾಗಿರುತ್ತೆ ಅಂತಿದ್ದ. ನೆಟ್ಟಗೆ ಹಾಕು.”

ಹನ್ನೆರಡಕ್ಕೆ ಏಳು ನಿಮಿಷವಿರುವಾಗ ಪ್ರಯೋಗಾಲಯದ ಬಾಗಿಲಲ್ಲಿ ಚಳಿಯಮ್ಮ ನಿಂತಿದ್ದಳು. ಪತ್ರ ಇಸಕೊಂಡು ಒಳಗೋಡಿದಳು, ತಿರುಗಿ ಬಂದಳು. ಅಷ್ಟರಲ್ಲಿ ಇವಳು, ಗಂಡ ಅರ್ಧ ತುಂಬಿದ್ದ ಪದಬಂಧವನ್ನು ಕ್ಲಿಪ್ಪಿನಿಂದ ಬಿಡಿಸಿ ಚೀಲದಲ್ಲಿಟ್ಟುಕೊಂಡಿದ್ದಳು. ಖಾಲಿ ಪ್ಯಾಡು ಚಾಚಿದಳು.

“ಇರ್ಲಿ, ಇಟ್ಕೊಳಿ,” ಎಂದಳು ಚಳಿಯಮ್ಮ.

“ಬೇಡ. ಕಡ ತಂದಿದ್ರು.”